ಎಡಗಿವಿಯ ಪಾಲು

ನನ್ನ ಹೆಂಡತಿ ಕಾಶವ್ವ ಲಿಂಗೈಕ್ಯಳಾದ ಮೂರನೆಯ ದಿನ, ಬೆಳಗಿನ ಪೂಜೆಯಲ್ಲಿ ನಾನು ಗಂಟೆ ಬಾರಿಸುತ್ತಿದ್ದಾಗ, ನನ್ನ ಎಡಗಿವಿ ಮುಚ್ಚಿತು. ನೋವಿಲ್ಲ, ಗುಂಯ್ ಎನ್ನುವ ಸದ್ದೂ ಇಲ್ಲ. ಗಂಟೆಯ ನಾದ ಬಲಗಡೆಯಿಂದ ಮಾತ್ರ ಬಂತು. ಪೂಜೆ ನಿಲ್ಲಿಸದೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತೆ. ಬೀದಿಯಲ್ಲಿ ಹೋಗುತ್ತಿದ್ದ ಸಂಗೀತ ಸಭೆಯ ಕಾರ್ಯದರ್ಶಿ ಈರಪ್ಪ ನನ್ನ ಮುಖ ನೋಡಿ ನಿಂತು, ಯಾವ ಕಡೆ ಎಂದು ಕೇಳಿದ. ಎಡಕ್ಕೆ ಎಂದೆ. ಅವನು ಸುಮ್ಮನೆ ಸುತ್ತಿ ಬಂದು ನನ್ನ ಬಲಕ್ಕೆ ಕುಳಿತುಕೊಂಡ.

ನಮ್ಮ ಊರಿನಲ್ಲಿ ಇದು ಎಲ್ಲರಿಗೂ ತಿಳಿದ ಸಂಗತಿ. ಗಂಡನಾಗಲಿ ಹೆಂಡತಿಯಾಗಲಿ ಹೋದರೆ, ಅವರು ಬದುಕೆಲ್ಲ ಯಾವ ಮಗ್ಗುಲಿಗೆ ಕುಳಿತಿದ್ದರೋ ಆ ಮಗ್ಗುಲಿನ ಕಿವಿ ಮೂರು ದಿನದೊಳಗೆ ಮುಚ್ಚುತ್ತದೆ. ಮತ್ತೆ ತೆರೆಯುವುದಿಲ್ಲ. ಹೆಂಗಸರು ಗಂಡನ ಎಡಕ್ಕೆ ಕೂಡುವುದು ರೂಢಿಯಾದ್ದರಿಂದ ಗಂಡಸರಿಗೆ ಎಡಗಿವಿ ಹೋಗುತ್ತದೆ, ಹೆಂಗಸರಿಗೆ ಬಲಗಿವಿ. ಚಹಾದಂಗಡಿಯ ಬೆಂಚಿನ ಎಡತುದಿಯನ್ನು ನನ್ನಂಥವರಿಗೆ ಬಿಟ್ಟಿರುತ್ತಾರೆ. ಕ್ಷೌರದವನು ಕತ್ತರಿ ಎತ್ತಿಕೊಳ್ಳುವ ಮೊದಲೇ ಕಡೆ ಕೇಳಿಕೊಂಡು, ಊರ ಸುದ್ದಿಯನ್ನೆಲ್ಲ ಕೇಳುವ ಕಡೆಯಿಂದ ಹೇಳುತ್ತಾನೆ. ಹನುಮಗೌಡರ ಹೆಂಡತಿ ತೀರಿಕೊಂಡಾಗ ಅವರಿಗೆ ಎರಡೂ ಕಿವಿ ಉಳಿದವು. ಅವರು ನಾಚಿಕೆಯಿಂದ ಎಡಗಿವಿಗೆ ಅರಳೆ ತುರುಕಿಕೊಂಡು ಹತ್ತು ವರ್ಷದಿಂದ "ಆಂ? ಏನಂದ್ರಿ?" ಎನ್ನುತ್ತ ತಿರುಗುತ್ತಿದ್ದಾರೆ. ಊರವರೂ ಪಾಪ ಎಂದು ಅವರೊಡನೆ ಕೂಗಿಯೇ ಮಾತಾಡುತ್ತಾರೆ.

ಇನ್ನೊಂದು ರೂಢಿಯನ್ನೂ ಹೇಳಬೇಕು. ಎದುರಿಗೆ ಹೇಳಲಾಗದ ಮಾತನ್ನು ಜನ ಮುಚ್ಚಿದ ಕಿವಿಗೆ ಹೇಳುತ್ತಾರೆ. ಮಠದ ಜಗಲಿಯ ಮೇಲೆ ಕುಳಿತಿದ್ದರೆ ಯಾರೋ ಬಂದು ಆ ಕಡೆ ಬಾಗುತ್ತಾರೆ. ಉಸಿರು ಕುತ್ತಿಗೆಗೆ ತಾಗುತ್ತದೆ, ತುಟಿ ಅಲ್ಲಾಡುವುದು ಕಣ್ಣಂಚಿಗೆ ಕಾಣುತ್ತದೆ. ನಾವು ಮುಂದೆ ನೋಡುತ್ತಾ ಕೂಡಬೇಕು. ಮುಗಿದ ಮೇಲೆ ತಲೆಯಾಡಿಸಬೇಕು. ಅವರು ಹಗುರಾಗಿ ಎದ್ದು ಹೋಗುತ್ತಾರೆ. ಆ ಕಿವಿ ದೇವರ ಹುಂಡಿಯ ಹಾಗೆ. ಬಿದ್ದದ್ದು ಬಿತ್ತು, ಯಾರು ಹಾಕಿದರೆಂದು ಯಾರೂ ಕೇಳುವುದಿಲ್ಲ.

ನನ್ನ ಹೆಸರು ಶಿವಮೂರ್ತೆಯ್ಯ. ಮೂವತ್ತು ವರ್ಷ ನಮ್ಮ ಸಂಗೀತ ಸಭೆಯ ಕಛೇರಿಗಳನ್ನು ನಾನೇ ಧ್ವನಿಮುದ್ರಿಸಿಕೊಂಡು ಬಂದೆ. ಬೇರೆ ಊರುಗಳಲ್ಲಿ ಮೈಕುಗಳನ್ನು ವೇದಿಕೆಯ ಮೇಲೆ ಇಡುತ್ತಾರಂತೆ. ನಮ್ಮಲ್ಲಿ ಹಾಗಿಲ್ಲ. ಕಡಲೆಕಾಳಿನಷ್ಟು ಸಣ್ಣ ಎರಡು ಮೈಕುಗಳನ್ನು ನನ್ನ ಎರಡು ಕಿವಿಗಳ ಬಾಯಿಯಲ್ಲಿ ಕೂಡಿಸಿಕೊಂಡು, ಮೊದಲನೆಯ ಕಂಬದ ಪಕ್ಕದ ಕುರ್ಚಿಯಲ್ಲಿ ಕುಳಿತುಕೊಳ್ಳುತ್ತಿದ್ದೆ. ನನ್ನ ತಲೆಯೇ ಯಂತ್ರ. ಆಮೇಲೆ ಅದನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿದವರಿಗೆ ತಾವೇ ಆ ಕುರ್ಚಿಯಲ್ಲಿ ಕುಳಿತ ಹಾಗೆ ಆಗುತ್ತದೆ. ತಬಲಾ ಎಡಕ್ಕೆ, ಹಾರ್ಮೋನಿಯಂ ಬಲಕ್ಕೆ, ದನಿ ಹುಬ್ಬುಗಳ ನಡುವೆ, ತಂಬೂರಿ ಅದರ ಹಿಂದೆ ಒಂದು ಬೆಳಕಿನ ಹಾಗೆ. ಸಭಾಂಗಣ ಮೊದಲು ಹತ್ತಿಯ ಗೋದಾಮಾಗಿತ್ತು. ಗೋಡೆಯ ಬಿರುಕುಗಳಲ್ಲಿ ಈಗಲೂ ಅರಳೆ ಸಿಕ್ಕಿಕೊಂಡಿದೆ. ಸದ್ದು ಅಲ್ಲಿ ಗೋಡೆಗೆ ಬಡಿದು ಹಿಂದಕ್ಕೆ ಬರುವುದಿಲ್ಲ, ಮೆಲ್ಲಗೆ ಒರಗಿಕೊಳ್ಳುತ್ತದೆ. ಹಾಸಿಗೆ ಹಿಡಿದವರು, ಬಾಣಂತಿಯರು, ನಡೆಯಲಾಗದವರು ಇವನ್ನೆಲ್ಲ ತರಿಸಿಕೊಂಡು ಕೇಳುತ್ತಾರೆ.

ಕೆಲಸ ಕಠಿಣವಲ್ಲ, ಆದರೆ ಕಟ್ಟುನಿಟ್ಟಿನದು. ಮೂರು ತಾಸು ತಲೆ ಅಲುಗಬಾರದು. ತಲೆ ತಿರುಗಿದರೆ ಕೇಳುವವನ ಪಾಲಿಗೆ ಇಡೀ ಕಛೇರಿಯೇ ತಿರುಗಿಬಿಡುತ್ತದೆ. ಗಾಯಕರು ಎದ್ದು ಬಾಗಿಲಿಗೆ ಹೋಗಿ ನಿಂತು ಹಾಡಿದ ಹಾಗೆ. ಎಂಜಲು ನುಂಗುವುದಾದರೆ ತಬಲಾ ಜೋರಾದಾಗ ನುಂಗಬೇಕು. ಕಾಶವ್ವ ನನ್ನ ಎಡಕ್ಕೆ ಕುಳಿತಿರುತ್ತಿದ್ದಳು. ಅವಳ ಕಡೆಗೂ ನಾನು ತಿರುಗುತ್ತಿರಲಿಲ್ಲ. ಮುಗಿದ ಮೇಲೆ ಮನೆಗೆ ನಡೆಯುತ್ತಾ ಅವಳು ಹೇಳುತ್ತಿದ್ದುದು ಒಂದೇ ಮಾತು: ಇವತ್ತು ಚಂದಿತ್ತು.

ಅವಳು ಹೋಗಿ ನಾಲ್ಕು ತಿಂಗಳಾಗಿತ್ತು. ಆಗ ಗೋದಾಬಾಯಿಯವರ ಸುದ್ದಿ ಬಂತು. ಅವರು ನಮ್ಮ ಊರಿನ ಹಾಡುಗಾರ್ತಿ, ಎಪ್ಪತ್ತರ ಅಂಚಿನವರು. ಗಂಡ ಅವರ ಬಲಗಡೆ ಕುಳಿತು ತಬಲಾ ನುಡಿಸುತ್ತಿದ್ದರು. ಗಂಡ ಹೋಗಿ ಹನ್ನೆರಡು ವರ್ಷ, ಆಗಿನಿಂದ ಬಾಯಿಯವರ ಬಲಗಿವಿ ಮುಚ್ಚಿದೆ. ಈಗ ಗಂಟಲಿನಲ್ಲಿ ಗಡ್ಡೆ. ದೂರದ ದವಾಖಾನೆಯಲ್ಲಿ ಕೊಯ್ದು ತೆಗೆಯುತ್ತಾರೆ. ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದು ವೈದ್ಯರು ಹೇಳಿಬಿಟ್ಟಿದ್ದರು. ಹೋಗುವ ಮುನ್ನ ಒಂದು ಸಲ ಗೋದಾಮಿನಲ್ಲಿ ಹಾಡುತ್ತೇನೆ, ಅಯ್ಯನವರು ಅದನ್ನು ಹಿಡಿದಿಡಬೇಕು ಎಂದು ಅವರು ಹೇಳಿ ಕಳಿಸಿದ್ದರು.

ಈರಪ್ಪನಿಗೆ ಸಂಕಟವಾಯಿತು. ಒಂದೇ ಕಿವಿಯವರು ತಮಗೆ ತಿಳಿಯದೆಯೇ ಕೇಳುವ ಕಿವಿಯನ್ನು ಸದ್ದಿನ ಕಡೆ ತಿರುಗಿಸುತ್ತಾರೆ. ನಾಲ್ಕು ತಿಂಗಳಲ್ಲಿ ಅದು ನನಗೂ ಅಂಟಿತ್ತು. ಯಾರು ಮಾತಾಡಿದರೂ ನನ್ನ ಮುಖ ಎಡಕ್ಕೆ ಹೊರಳಿ ಬಲಗಿವಿ ಮುಂದಾಗುತ್ತಿತ್ತು. ಪೇಟೆಯಲ್ಲಿ ಕಟ್ಟಿಗೆಯ ತಲೆ ಸಿಗುತ್ತದೆ, ಅದರ ಕಿವಿಯಲ್ಲಿ ಮೈಕು ಇಟ್ಟರೆ ಅಲುಗುವ ಭಯವೇ ಇಲ್ಲ ಎಂದು ಅವನು ಬಾಯಿಯವರ ಮನೆಗೆ ನನ್ನನ್ನೂ ಕರೆದುಕೊಂಡು ಹೋಗಿ ವಿವರಿಸಿದ. ಅವರು ಎಲೆಗೆ ಸುಣ್ಣ ಹಚ್ಚುತ್ತಾ ಪೂರ್ತಿ ಕೇಳಿಸಿಕೊಂಡರು.

"ಕಟ್ಟಿಗೀ ತಲೀ ಮುಂದ ನಾ ಹಾಡಂಗಿಲ್ಲ ಈರಪ್ಪ," ಎಂದರು. "ಅದಕ್ಕೇನ ಹೆಂಡ್ತಿ ಸತ್ತಾಳೇನು?"

ಅಲ್ಲಿಂದ ನನ್ನ ಅಭ್ಯಾಸ ಶುರುವಾಯಿತು. ಪೂಜೆಯ ವಿಭೂತಿಗಟ್ಟಿಯನ್ನು ನೆತ್ತಿಯ ಮೇಲೆ ಇಟ್ಟುಕೊಂಡು ಕಟ್ಟೆಯ ಮೇಲೆ ಕೂಡುವುದು, ಬೀದಿಯಲ್ಲಿ ಯಾರು ಕರೆದರೂ ತಿರುಗದೆ ಇರುವುದು. ಮೊದಲ ದಿನ ಹನ್ನೊಂದು ಸಲ ಬಿತ್ತು. ಬಿದ್ದಾಗಲೆಲ್ಲ ಕಣ್ಣಿಗೊತ್ತಿಕೊಂಡು ಶಿವನಲ್ಲಿ ತಪ್ಪೊಪ್ಪಿಕೊಂಡೆ. ಊರಿನವರು ಇದನ್ನು ಬೇಗ ಪತ್ತೆ ಹಚ್ಚಿದರು. ಎಮ್ಮೆ ಹಾಯಲು ಬಂತು ಅಯ್ಯಾರ ಎಂದು ಎಡಗಡೆ ಕೈ ತೋರಿಸಿ ಹೋಗುವವರು, ಪಾತ್ರೆ ಬೀಳಿಸಿ ನೋಡುವವರು. ಹನುಮಗೌಡರು ಎದುರಿಗೆ ಬಂದು ನಿಂತು, ತಮ್ಮ ಅರಳೆಯನ್ನು ಒತ್ತಿಕೊಳ್ಳುತ್ತಾ, ಇದೆಲ್ಲ ಅಭ್ಯಾಸದಿಂದ ಬರುತ್ತದೆ ಎಂದು ಉಪದೇಶಿಸಿದರು. ನಗು ತಡೆಯಲಾರದೆ ಆಗೊಮ್ಮೆ ಬಿತ್ತು. ಒಂಬತ್ತನೆಯ ದಿನ ಅದು ಒಂದು ಸಲವೂ ಬೀಳಲಿಲ್ಲ.

ಕಛೇರಿ ಸೋಮವಾರ ಬೆಳಗ್ಗೆ ಎಂಟಕ್ಕೆ. ಗೋದಾಮು ತುಂಬಿ ಜನ ಹೊರಗೂ ನಿಂತಿದ್ದರು. ನನ್ನ ಎಡಗಡೆಯ ಕುರ್ಚಿಯಲ್ಲಿ ಯಾರೂ ಕೂಡಲಿಲ್ಲ; ಹೇಳದಿದ್ದರೂ ಬಿಟ್ಟಿದ್ದರು. ಮೈಕು ಕೂಡಿಸಿಕೊಂಡೆ. ಮುಚ್ಚಿದ ಕಿವಿಗೆ ಮೈಕು ಇಡುವಾಗ, ದೀಪ ಆರಿದ ಗೂಡಿನಲ್ಲಿ ಕೈಯಾಡಿಸಿದಂತೆ ಆಯಿತು. ತಂಬೂರಿಯ ಒಂದು ಗೂಟವನ್ನು ಗುರುತು ಇಟ್ಟುಕೊಂಡು ಅದರ ಮೇಲೆ ಕಣ್ಣು ನೆಟ್ಟೆ.

ಬಾಯಿಯವರು ತೋಡಿ ರಾಗ ಎತ್ತಿಕೊಂಡರು. ಅದನ್ನು ಅವರ ಬಾಯಲ್ಲಿ ನಾನು ನೂರು ಸಲ ಕೇಳಿರಬೇಕು. ಆದರೆ ಹಾಡುವವರು ಯಾವಾಗಲೂ ದನಿಯಲ್ಲಿ ಸ್ವಲ್ಪವನ್ನು ನಾಳೆಗೆಂದು ಉಳಿಸಿಕೊಂಡಿರುತ್ತಾರೆ. ಅದು ನನಗೆ ಅವತ್ತು ತಿಳಿಯಿತು, ಏಕೆಂದರೆ ಅವತ್ತು ಅವರು ಏನನ್ನೂ ಉಳಿಸಿಕೊಳ್ಳಲಿಲ್ಲ. ದನಿಯ ಅಂಚು ಒರಟಾಗಿತ್ತು, ಕೆಲವು ಕಡೆ ಹರಿದಿತ್ತು. ಆ ಹರಿದ ಜಾಗದಿಂದಲೇ ಏನೋ ಒಳಗೆ ಕಾಣುತ್ತಿತ್ತು. ಗಾಂಧಾರದ ಮೇಲೆ ಅವರು ನಿಂತಾಗ ತೊಲೆಯ ಮೇಲಿನ ಗುಬ್ಬಿಗಳು ಸುಮ್ಮನಾದವು. ಅಂಗೈಯ ಮೇಲಿನ ಲಿಂಗವನ್ನು ದಿಟ್ಟಿಸುತ್ತಾ ಕುಳಿತಾಗ, ಅಪರೂಪಕ್ಕೊಮ್ಮೆ, ನೋಡುವವನು ಯಾರು ನೋಡಿಸಿಕೊಳ್ಳುವವನು ಯಾರು ಎಂಬುದು ಮರೆತುಹೋಗುತ್ತದೆ. ಐವತ್ತು ವರ್ಷದ ಪೂಜೆಯಲ್ಲಿ ನನಗೆ ಅದು ಮೂರು ಸಲ ಆಗಿದೆ. ನಾಲ್ಕನೆಯದು ಆ ಗೋದಾಮಿನಲ್ಲಿ ಆಯಿತು. ಕಣ್ಣೀರು ಗಲ್ಲದ ಮೇಲೆ ಇಳಿದು ಗಡ್ಡದೊಳಗೆ ಸೇರಿತು. ಒರೆಸಿಕೊಳ್ಳಲು ಕೈ ಎತ್ತಲಿಲ್ಲ. ತಲೆಯೂ ಅಲುಗಲಿಲ್ಲ.

ಭೈರವಿಯಲ್ಲಿ ಮುಗಿಸಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ಏಳಲೂ ಇಲ್ಲ. ಅವರು ತಾವೇ ಮೆಟ್ಟಿಲು ಹಿಡಿದುಕೊಂಡು ಇಳಿದು ಬಂದು, ನನ್ನ ಎಡಗಡೆಯ ಖಾಲಿ ಕುರ್ಚಿಯಲ್ಲಿ ಕುಳಿತು, ನನ್ನ ಮುಚ್ಚಿದ ಕಿವಿಗೆ ಬಾಗಿದರು. ಬಹಳ ಹೊತ್ತು ಮಾತಾಡಿದರು. ಭುಜದ ಮೇಲಿಟ್ಟ ಅವರ ಕೈ ಬಿಸಿಯಾಗಿತ್ತು. ರೂಢಿಯಂತೆ ನಾನು ಮುಂದೆ ನೋಡುತ್ತಾ ಕುಳಿತು, ಕೊನೆಗೆ ತಲೆಯಾಡಿಸಿದೆ. ಅವರು ಎದ್ದು ಹೋದರು. ಜನರೆಲ್ಲ ಹೊರಟಮೇಲೆ ನೋಡಿದರೆ ಜೇಬಿನಲ್ಲಿದ್ದ ರೆಕಾರ್ಡರಿನ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಮೂವತ್ತು ವರ್ಷದಲ್ಲಿ ಒಮ್ಮೆಯೂ ಅದನ್ನು ಆರಿಸಲು ಮರೆತವನಲ್ಲ. ಮುದಿತನವೆಂದುಕೊಂಡು ಆರಿಸಿದೆ. ಬೇರೆ ಏನೂ ಹೊಳೆಯಲಿಲ್ಲ.

ಇನ್ನು ಅದು ಸರಿಯಾಗಿ ಬಂದಿದೆಯೇ ಎಂದು ನೋಡಬೇಕು. ಒಂದೇ ಕಿವಿಯಿಂದ ನೋಡಲಾಗುವುದಿಲ್ಲ. ಎಡದ ಮೈಕು ಹಿಡಿದದ್ದನ್ನು ಬಲಗಿವಿಗೆ ಹಾಕಿಕೊಂಡರೆ ನಮ್ಮಲ್ಲಿ ಏನೂ ಕೇಳಿಸುವುದಿಲ್ಲ. ಎಡಗಿವಿಯ ಪಾಲು ಎಡಗಿವಿಗೇ. ಅದಕ್ಕೇ ಸಭೆಯ ಕೋಣೆಯಲ್ಲಿ ಜೋಡಿ ಕುಳಿತು ಕೇಳುವ ಪದ್ಧತಿ ಇದೆ. ಎಡಗಿವಿ ಇರುವ ಹೆಂಗಸು ಹೆಡ್‌ಫೋನಿನ ಎಡದ ತುಂಡನ್ನು, ಬಲಗಿವಿ ಇರುವ ಗಂಡಸು ಬಲದ ತುಂಡನ್ನು ಹಾಕಿಕೊಂಡು ಎದುರುಬದುರು ಕುಳಿತು, ನಡುನಡುವೆ ಯಂತ್ರ ನಿಲ್ಲಿಸಿ, ತಮ್ಮ ಪಾಲಿಗೆ ಬಂದದ್ದನ್ನು ಒಬ್ಬರಿಗೊಬ್ಬರು ಹೇಳುತ್ತಾರೆ. ಬೇರೊಬ್ಬ ಹೆಂಗಸಿನೊಡನೆ ಹಾಗೆ ಕೂಡಲು ನನಗೆ ಈವರೆಗೆ ಮನಸ್ಸಾಗಿರಲಿಲ್ಲ. ಆದರೆ ಗೋದಾಬಾಯಿಯವರು ಶನಿವಾರ ದವಾಖಾನೆಗೆ ಹೊರಡುವವರಿದ್ದರು. ತಮ್ಮ ದನಿ ಉಳಿದಿದೆಯೋ ಇಲ್ಲವೋ ತಿಳಿದುಕೊಂಡೇ ಹೋಗುತ್ತೇನೆ ಎಂದು ಗುರುವಾರ ಮಧ್ಯಾಹ್ನ ಅವರೇ ಬಂದರು.

ಕಿಟಕಿಯ ಬಳಿ ಎದುರುಬದುರು ಕುಳಿತೆವು. ಮೊದಲು ಜನರ ಗಲಿಬಿಲಿ, ಕೆಮ್ಮು, ಆಮೇಲೆ ತಂಬೂರಿ. ಹಾರ್ಮೋನಿಯಂ ನನ್ನ ಭುಜದ ಹತ್ತಿರವಿದೆ ಎಂದೆ. ತಬಲಾ ತಮ್ಮ ಕಡೆ ಬಂದಿದೆ ಎಂದು ಅವರು ಹೇಳಿ, ಹನ್ನೆರಡು ವರ್ಷದಿಂದ ವೇದಿಕೆಯ ಮೇಲೆ ತಬಲಾ ಮುಚ್ಚಿದ ಕಡೆಗೇ ಇರುತ್ತದೆ, ಇಷ್ಟು ಹತ್ತಿರ ಕೇಳುವುದು ನಿಮ್ಮ ತಲೆಯೊಳಗೆ ಕುಳಿತಾಗ ಮಾತ್ರ ಎಂದರು. ದನಿ ಎಲ್ಲಿದೆ ಎಂದು ನಾನು ಕೇಳಿದೆ. ಅವರು ಹುಬ್ಬುಗಳ ನಡುವೆ ಬೆರಳಿಟ್ಟು ತೋರಿಸಿದರು. ನಾನೂ ಅಲ್ಲೇ ಬೆರಳಿಟ್ಟೆ. ಮೂರು ತಾಸಿನಲ್ಲಿ ಹತ್ತು ಸಲ ನಿಲ್ಲಿಸಿ ಕೇಳಿದೆ, ಹತ್ತು ಸಲವೂ ಬೆರಳು ಅಲ್ಲೇ ಇತ್ತು. ಕಛೇರಿ ಒಂದಿಷ್ಟೂ ಕದಲಿರಲಿಲ್ಲ. ನನ್ನ ಎದೆಯ ಭಾರ ಇಳಿಯಿತು. ಭೈರವಿ ಮುಗಿಯಿತು.

ಯಂತ್ರ ಓಡುತ್ತಲೇ ಇತ್ತು. ನನ್ನ ಕಿವಿಗೆ ಯಾರೋ ಮೂಗು ಒರೆಸಿಕೊಂಡದ್ದು, ದೂರದ ಬಾಗಿಲ ಸದ್ದು ಮಾತ್ರ ಬರುತ್ತಿತ್ತು. ಅವರ ಮುಖ ನೋಡಿದೆ. ಬಣ್ಣ ಇಳಿದುಹೋಗಿತ್ತು. ಆಗ ನನಗೆ ಹೊಳೆಯಿತು. ಅವರು ನನ್ನ ಮುಚ್ಚಿದ ಕಿವಿಗೆ ಹಾಕಿದ ಮಾತು ಆ ಕಿವಿಯ ಮೈಕಿನಲ್ಲಿ ಬಿದ್ದಿತ್ತು. ಹುಂಡಿಯನ್ನು ನಾನೇ ಒಡೆದು, ಹಾಕಿದವರ ಮುಂದೆಯೇ ಸುರಿದಂತಾಗಿತ್ತು. ನಿಲ್ಲಿಸಲು ಕೈ ಚಾಚಿದೆ. ಅವರು ನನ್ನ ಮಣಿಕಟ್ಟು ಹಿಡಿದುಕೊಂಡು, ಕೊನೆಯವರೆಗೆ ಕೇಳಿದರು. ಆಮೇಲೆ ಕಿವಿಯ ತುಂಡು ತೆಗೆದಿಟ್ಟು, ಎದ್ದು, ಕುರ್ಚಿ ಎಳೆದುಕೊಂಡು ನನ್ನ ಬಲಕ್ಕೆ ಬಂದು ಕುಳಿತರು.

ಅದನ್ನು ಅಳಿಸಿಬಿಡುತ್ತೇನೆ, ಕೇಳುವ ಹಕ್ಕು ನನಗಿಲ್ಲ ಎಂದೆ.

"ಇಲ್ರಿ ಅಯ್ಯಾರ. ನನ್ನ ಬಾಯಿಲೆ ಹೇಳೂ ಹಂಗ ಇನ್ನ ಎರಡ ದಿನ ಅದ. ಕೇಳ್ರಿ."

ಅವರು ಹೇಳಿದ್ದು ಇಷ್ಟು. ಹದಿನಾರರ ವಯಸ್ಸಿನಲ್ಲಿ ಅವರೂ ಕಾಶವ್ವನೂ ಒಬ್ಬರೇ ಗುರುಗಳ ಹತ್ತಿರ ಕಲಿಯುತ್ತಿದ್ದರು. ಕಾಶವ್ವ ಚಿಕ್ಕಂದಿನಲ್ಲಿ ಹಾಡು ಕಲಿತಿದ್ದಳೆಂದು ನನಗೆ ಗೊತ್ತಿತ್ತು, ನಾಲ್ಕು ಭಜನೆ ಎಂದುಕೊಂಡಿದ್ದೆ. ಗುರುಗಳು ಗೋದಾಮಿನ ಮೊದಲನೆಯ ಕಛೇರಿಗೆ ಕಾಶವ್ವನನ್ನು ಆರಿಸಿ, ಅವಳಿಗೆ ತಿಳಿಸಿ ಬಾ ಎಂದು ಗೋದಾಬಾಯಿಯವರನ್ನು ಕಳಿಸಿದ್ದರು. ಇವರು ಕೆರೆಯವರೆಗೆ ಹೋಗಿ, ದಂಡೆಯ ಮೇಲೆ ಕುಳಿತು, ಹಿಂದಿರುಗಿದರು. ಅವಳ ಮನೆಯಲ್ಲಿ ಒಲ್ಲೆನ್ನುತ್ತಾರೆ, ಮದುವೆ ಗೊತ್ತಾಗಿದೆಯಂತೆ ಎಂದು ಗುರುಗಳಿಗೆ ಹೇಳಿದರು. ಗುರುಗಳು ತನಗೇ ಹಾಡಲು ಹೇಳಿದ್ದಾರೆ ಎಂದು ಕಾಶವ್ವನಿಗೆ ಹೇಳಿದರು. ಆ ದಿನದಿಂದ ವೇದಿಕೆ ಇವರದಾಯಿತು. ನಾಲ್ಕು ವರ್ಷದ ಮೇಲೆ ಕಾಶವ್ವನಿಗೆ ನನ್ನೊಡನೆ ಮದುವೆಯಾಯಿತು.

ಕೋಪ ಬಂತು ಎಂದರೆ ಸುಳ್ಳಾಗುವುದಿಲ್ಲ. ನಲವತ್ತೊಂಬತ್ತು ವರ್ಷ ನನ್ನ ಎಡಕ್ಕೆ ಕುಳಿತವಳು ಇದನ್ನು ಹೇಳಲಿಲ್ಲ ಎಂಬುದಕ್ಕೆ ಕೋಪ ಬಂತೋ, ಎದುರಿಗಿದ್ದವರ ಮೇಲೆ ಬಂತೋ ತಿಳಿಯಲಿಲ್ಲ. ಅವಳಿಗೆ ಗೊತ್ತಿತ್ತೇ ಎಂದು ಕೇಳಿದೆ.

"ಗೊತ್ತಿತ್ತು. ಆಕಿಗೆ ಗೊತ್ತದ ಅಂತ ನನಗ ಗೊತ್ತಾದದ್ದು ನನ್ನ ಬಲಗಿವಿ ಮುಚ್ಚಿದ ಮ್ಯಾಲೆ. ನಿಮ್ಮ ರೆಕಾರ್ಡಿನಾಗ ಎಡಕ್ಕ ಬರೇ ನಾ ಇಲ್ರಿ. ಆಕಿ ಅದಾಳ."

ಕಾಶವ್ವನೇ ಎಂದೆ.

"ಬಾಯಿ ಮುಚ್ಚಿಕೊಂಡ ಗುನುಗತಾಳ. ಎರಡೂ ಕಿವಿ ಇದ್ದವರಿಗೆ ಅದು ಕೇಳಂಗಿಲ್ಲ, ನನ್ನ ದನಿಯಾಗ ಕರಗಿ ಹೋಗ್ತದ. ಎಡಗಿವಿ ಒಂದ ಇದ್ದವರಿಗೆ ಕೇಳ್ತದ. ಊರಾಗ ಗಂಡ ಸತ್ತ ಹೆಣ್ಣಮಕ್ಕಳಿಗೆಲ್ಲ ಗೊತ್ತದ ಅಯ್ಯಾರ. ನಿಮ್ಮ ರೆಕಾರ್ಡಿಗೆ ಅವ್ರು ಯಾಕ ಸಾಲು ಹಚ್ಚತಾರ ಅನಕೊಂಡೀರಿ? ನನ್ನ ಕೇಳಾಕಲ್ಲ."

ಹೆಡ್‌ಫೋನಿನಲ್ಲಿ ಆಗಾಗ ಕೇಳಿಬರುತ್ತಿದ್ದ ಒಂದು ಸಣ್ಣ ಗುಂಗು ನೆನಪಾಯಿತು. ಅದು ಹತ್ತಿಯ ಗೋಡೆಗಳ ಗುಣವೆಂದು ನಾನು ಜನರಿಗೆ ವಿವರಿಸುತ್ತಿದ್ದೆ. ಯಾರಾದರೊಬ್ಬರು ನನಗೆ ಹೇಳಬಹುದಿತ್ತಲ್ಲ ಎಂದೆ.

"ಆಕೀನ ಬ್ಯಾಡ ಅಂದಿದ್ಲು. ನಮ್ಮವ್ರಿಗೆ ಗೊತ್ತಾದ್ರ ನನ್ನ ಬ್ಯಾರೆ ಕಡೆ ಕುಂದ್ರಸತಾರ ಅಂತಿದ್ಲು."

ಅದು ನಿಜ. ನಾನು ಖಂಡಿತ ಬೇರೆ ಕಡೆ ಕೂಡಿಸುತ್ತಿದ್ದೆ.

ಬಾಯಿಯವರು ಇನ್ನೂ ಹೇಳಿದರು. ಕಾಶವ್ವನ ದನಿ ಅವರ ದನಿಯ ಹಿಂದೆ ಬರುವುದಿಲ್ಲವಂತೆ, ಮುಂದೆ ಹೋಗುತ್ತದಂತೆ. ಆಲಾಪ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಮೊದಲೇ ಹೋಗಿ, ಇವರು ಬಂದು ಮುಟ್ಟುವವರೆಗೆ ಅಲ್ಲಿ ನಿಂತಿರುತ್ತದಂತೆ. ಆ ವೇದಿಕೆ ತನ್ನದೆಂದು ಗೊತ್ತಿಲ್ಲದವರು ಹಾಗೆ ಮುಂದೆ ಹೋಗುತ್ತಾರೇನು, ಸಿಟ್ಟಿದ್ದವರು ಹಾಗೆ ನಿಂತು ಕಾಯುತ್ತಾರೇನು ಎಂದು ಅವರು ನನ್ನನ್ನೇ ಕೇಳಿದರು. ಹನ್ನೆರಡು ವರ್ಷದಿಂದ ಆ ರೆಕಾರ್ಡುಗಳನ್ನು ಮನೆಗೆ ಒಯ್ದು, ಆಕೆ ಹೋದ ದಾರಿಯನ್ನೇ ಕಲಿತು, ಮರುಕಛೇರಿಗೆ ಬಂದು ಹಾಡಿದ್ದೇನೆ, ಮೊನ್ನೆ ಹಾಡಿದ ತೋಡಿಯೂ ಹಾಗೆ ಕಲಿತದ್ದೇ ಎಂದರು.

ನನ್ನ ಕಪಾಟಿನಲ್ಲಿ ಮೂವತ್ತು ವರ್ಷದ ಧ್ವನಿಮುದ್ರಣಗಳಿವೆ. ಪ್ರತಿಯೊಂದರ ಎಡಗಡೆಯಲ್ಲೂ ಅವಳು ಇದ್ದಾಳೆ, ಮತ್ತು ಅದನ್ನು ಕೇಳಬಲ್ಲ ನನ್ನ ಕಿವಿಯನ್ನು ಅವಳೇ ಮುಚ್ಚಿಕೊಂಡು ಹೋಗಿದ್ದಾಳೆ. ಊರಿಗೆಲ್ಲ ಕಿವಿಯಾಗಿದ್ದವನು ನಾನು. ಎಂಥ ಸೊಕ್ಕಿನ ಕೆಲಸವನ್ನು ಎಷ್ಟು ಭಕ್ತಿಯಿಂದ ಮಾಡಿಕೊಂಡು ಬಂದೆನಲ್ಲ ಶಿವನೇ ಎಂದು ಅಲ್ಲಿಯೇ ಕಣ್ಣು ಮುಚ್ಚಿ ಕುಳಿತೆ. ಕಣ್ಣು ತೆರೆದಾಗ ಬಾಯಿಯವರು ಎದ್ದು ಹೊರಡುವುದೋ ಬೇಡವೋ ಎಂದು ತಿಳಿಯದೆ ಕುರ್ಚಿಯ ಹಿಂಬದಿ ಹಿಡಿದು ನಿಂತಿದ್ದರು.

ನಾನು ಎದ್ದು ಕಪಾಟು ತೆರೆದೆ. ಆರಿಸಲಿಲ್ಲ, ಕೈಗೆ ಸಿಕ್ಕಿದ್ದು ಆರು ವರ್ಷದ ಹಿಂದಿನ ಒಂದು ಬೆಳಗಿನ ಕಛೇರಿ. ಯಂತ್ರಕ್ಕೆ ಹಾಕಿ, ಎಡದ ತುಂಡನ್ನು ಅವರ ಕೈಗೆ ಕೊಟ್ಟೆ. ಬಲದ ತುಂಡನ್ನು ನಾನು ಹಾಕಿಕೊಳ್ಳಲಿಲ್ಲ.

"ಅಕ್ಕಾರ, ಆಕಿ ಏನ ಹಾಡತಾಳ, ಅದನ್ನಷ್ಟ ನನಗ ಹಾಡ್ರಿ," ಎಂದೆ.

ಅವರು ಮತ್ತೆ ನನ್ನ ಬಲಕ್ಕೆ ಕುಳಿತು ಗಂಟಲು ಸವರಿಕೊಂಡರು. ಮೂರು ದಿನದ ಹಿಂದೆ ಎಲ್ಲವನ್ನೂ ಖರ್ಚು ಮಾಡಿಬಿಟ್ಟ ಗಂಟಲು ಅದು. ತುಂಡನ್ನು ಎಡಗಿವಿಗೆ ಇಟ್ಟುಕೊಂಡು, ಬಲಗೈಯನ್ನು ಮೊಳಕಾಲ ಮೇಲೆ ತೆರೆದು ಇಟ್ಟು, ಕಣ್ಣು ಮುಚ್ಚಿದರು. ಆಮೇಲೆ, ನನ್ನ ಬಲಗಿವಿಯ ಹತ್ತಿರ, ಒಂದು ಸಣ್ಣ ದನಿ ಹೊರಟಿತು. ಅದು ಗೋದಾಬಾಯಿಯವರದಲ್ಲ. ಅವರ ಹಾಡಿನ ಗತ್ತು, ಸಭೆಯನ್ನು ತಡೆದು ನಿಲ್ಲಿಸುವ ಆ ಠೀವಿ ಅದರಲ್ಲಿರಲಿಲ್ಲ. ಒಲೆಯ ಮುಂದೆ ಕುಳಿತವರು ಅವಸರವಿಲ್ಲದೆ ತಮಗಾಗಿ ಹಾಡಿಕೊಳ್ಳುವ ದನಿ. ಆದರೆ ಅದು ಇಟ್ಟ ಹೆಜ್ಜೆಗಳನ್ನು ನಾನು ಯಾವ ವೇದಿಕೆಯ ಮೇಲೂ ಕಂಡಿರಲಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗಲು ದಾರಿಯೇ ಇಲ್ಲವೆಂದು ನಾನು ತಿಳಿದುಕೊಂಡಿದ್ದ ಕಡೆ ಅದು ಸಲೀಸಾಗಿ ದಾಟಿ ಹೋಯಿತು.

ಬಾಯಿಯವರು ಎರಡು ಸಲ ತಪ್ಪಿದರು. ತಪ್ಪಿದಾಗಲೆಲ್ಲ, ಗುರುವಿನ ಮುಂದೆ ಸಿಕ್ಕಿಬಿದ್ದ ಹುಡುಗಿಯ ಹಾಗೆ ನಾಲಿಗೆ ಕಚ್ಚಿಕೊಂಡು, ಯಂತ್ರವನ್ನು ಹಿಂದಕ್ಕೆ ತಂದು, ಮತ್ತೆ ಹಿಡಿದರು. ಮೂರನೆಯ ಸಲ ಒಂದು ಏರಿಕೆಯ ನಡುವೆ ಉಸಿರು ಸಾಲದೆ ದನಿ ಕಡಿಯಿತು. ಕಣ್ಣು ತೆರೆಯದೆ ಕೈಯೆತ್ತಿ ನನ್ನನ್ನು ತಡೆದರು.

"ತಡೀರಿ ಅಯ್ಯಾರ. ಆಕಿ ಮುಂದ ಹೋಗಿ ನಿಂತಾಳ," ಎಂದರು. "ಮುಟ್ಟತೀನಿ."

ಅವರು ಉಸಿರು ಎಳೆದುಕೊಳ್ಳುವವರೆಗೆ ನಾವಿಬ್ಬರೂ, ನಾನೂ ಕಾಶವ್ವನೂ, ಕಾದೆವು.